ಪೆಟ್ರೋಲ್ ವಾಸನೆ ಬಂತೇ? ಮೊದಲು ಗಾಡಿ ನಿಲ್ಲಿಸಿ

ಬಾಡಿಗೆ ಕಾರು ಓಡಿಸಿ ಸಂಸಾರ ಸಾಗಿಸುವವರು ನಮ್ಮ ಊರುಗಳಲ್ಲಿ ಬಹಳ ಜನ. ಕಾರು ಇಲ್ಲದವರೂ ಕಾರಿನಲ್ಲಿ ಕೂರುತ್ತಾರೆ. ಮದುವೆಗೆ ಹೋಗುತ್ತಾರೆ. ಜಾತ್ರೆಗೆ ಹೋಗುತ್ತಾರೆ. ಬಾಣಂತಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತರುತ್ತಾರೆ. ಆದ್ದರಿಂದ ಈ ಪಾಠ ಡ್ರೈವರಿಗೆ ಮಾತ್ರ ಅಲ್ಲ. ಕಾರಿನಲ್ಲಿ ಕೂರುವ ಎಲ್ಲರಿಗೂ ಬೇಕು.

ದಾರಿಯಲ್ಲಿ ಬಂಕ್ ಬರುತ್ತದೆ. ಡ್ರೈವರ್ ಪೆಟ್ರೋಲ್ ಹಾಕಿಸುತ್ತಾನೆ. ಗಾಡಿ ಹೊರಡುತ್ತದೆ. ಸ್ವಲ್ಪ ದೂರ ಹೋದ ಮೇಲೆ ಒಳಗೆಲ್ಲ ಪೆಟ್ರೋಲ್ ವಾಸನೆ. ಮಗು ವಾಂತಿ ಮಾಡುತ್ತದೆ. ಅಜ್ಜಿಗೆ ತಲೆನೋವು. ಆಗ ಒಬ್ಬರು ಹೇಳುತ್ತಾರೆ: "ಈಗ ತಾನೆ ಪೆಟ್ರೋಲ್ ಹಾಕಿಸಿದ್ದು ಅಲ್ವಾ? ವಾಸನೆ ಬರದೆ ಇರುತ್ತಾ?"

ಈ ಮಾತು ಸರಿಯಲ್ಲ. ಗಾಡಿ ಸರಿಯಾಗಿದ್ದರೆ, ಪೆಟ್ರೋಲ್ ಹಾಕಿಸಿದ ಮೇಲೂ ಒಳಗೆ ವಾಸನೆ ಬರಬಾರದು. ವಾಸನೆ ಬಂತು ಅಂದರೆ ಪೆಟ್ರೋಲ್ ಎಲ್ಲೋ ಹೊರಗೆ ಬಂದಿದೆ. ಎಲ್ಲಿಂದ ಬಂತು? ಹುಡುಕುವುದು ಹೇಗೆ? ಬನ್ನಿ, ತಿಳಿಯೋಣ.

ವಾಸನೆ ಅಂದರೆ ಏನು?

ನೀರನ್ನು ಬಿಸಿಲಿಗೆ ಇಟ್ಟರೆ ನಿಧಾನವಾಗಿ ಆವಿಯಾಗುತ್ತದೆ. ಪೆಟ್ರೋಲಿಗೆ ಬಿಸಿಲೇ ಬೇಕಿಲ್ಲ. ನೆರಳಿನಲ್ಲೂ ಬೇಗ ಬೇಗ ಆವಿಯಾಗುತ್ತದೆ. ನಮ್ಮ ಮೂಗಿಗೆ ಬರುವುದು ಆ ಆವಿ.

ಉರಿಯುವುದೂ ಆ ಆವಿಯೇ. ಸೊನ್ನೆ ಡಿಗ್ರಿಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಪೆಟ್ರೋಲ್ ಆವಿಗೆ ಬೆಂಕಿ ಹತ್ತುತ್ತದೆ. ನಮ್ಮ ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಕೇಳಬೇಕೆ? 100 ಪಾಲು ಗಾಳಿಯಲ್ಲಿ ಸುಮಾರು ಒಂದೂವರೆ ಪಾಲು ಆವಿ ಸೇರಿದರೆ ಸಾಕು. ಒಂದು ಕಿಡಿ ಬಿದ್ದರೆ ಭಗ್ ಎನ್ನುತ್ತದೆ.

ಇನ್ನೊಂದು ವಿಷಯ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹೊಗೆಯ ಹಾಗೆ ಮೇಲಕ್ಕೆ ಹೋಗುವುದಿಲ್ಲ. ಕೆಳಗೇ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಾರಿನ ಸೀಟಿನ ಕೆಳಗೆ ನಿಲ್ಲುತ್ತದೆ. ಶೆಡ್ಡಿನ ನೆಲದ ಮೇಲೆ ನಿಲ್ಲುತ್ತದೆ. ದೂರದಲ್ಲಿ ಒಲೆ ಉರಿಯುತ್ತಿದ್ದರೆ ಅಲ್ಲಿಯವರೆಗೂ ಹರಿದು ಹೋಗಬಹುದು.

ಆರೋಗ್ಯಕ್ಕೂ ಇದು ಕೆಟ್ಟದ್ದು. ತಲೆ ಸುತ್ತು, ವಾಕರಿಕೆ, ಕಣ್ಣುರಿ ಬರುತ್ತದೆ. ಪೆಟ್ರೋಲಿನಲ್ಲಿ ಬೆಂಜೀನ್ ಎಂಬ ವಸ್ತು ಸ್ವಲ್ಪ ಇರುತ್ತದೆ. ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ರಕ್ತದ ಕ್ಯಾನ್ಸರ್ ಬರುವ ಅಪಾಯ ಇದೆ. ದಿನವೂ ಅದೇ ಗಾಡಿಯಲ್ಲಿ ಕೂರುವ ಡ್ರೈವರ್ ಇದನ್ನು ನೆನಪಿಡಬೇಕು.

ಮೂಗನ್ನು ಪೂರಾ ನಂಬಲೂ ಬಾರದು. ಸ್ವಲ್ಪ ಹೊತ್ತು ಅದೇ ವಾಸನೆಯಲ್ಲಿ ಕೂತರೆ ಮೂಗಿಗೆ ಅಭ್ಯಾಸ ಆಗಿಬಿಡುತ್ತದೆ. ವಾಸನೆ ಇದ್ದರೂ ಗೊತ್ತಾಗುವುದಿಲ್ಲ. ಆಗ ಹೊರಗಿನವರನ್ನು ಕರೆದು, "ಅಣ್ಣಾ, ಇಲ್ಲಿ ಏನಾದರೂ ವಾಸನೆ ಬರ್ತಾ ಇದೆಯಾ ನೋಡು" ಅಂತ ಕೇಳಿ.

ವಾಸನೆ ಬಂದ ಕೂಡಲೇ ಏನು ಮಾಡಬೇಕು?

ಗಾಡಿಯನ್ನು ರಸ್ತೆಯ ಬದಿಗೆ, ಬಯಲಿಗೆ ತನ್ನಿ. ಇಂಜಿನ್ ಆರಿಸಿ. ಎಲ್ಲ ಬಾಗಿಲು ತೆರೆಯಿರಿ. ಜನರನ್ನು ಇಳಿಸಿ, ಗಾಡಿಯಿಂದ ದೂರ ನಿಲ್ಲಿಸಿ. ಬೀಡಿ, ಸಿಗರೇಟು ಬೇಡ. ಗಾಡಿಯ ದೇವರ ಪಟದ ಮುಂದೆ ಊದುಬತ್ತಿ ಹಚ್ಚಿದ್ದರೆ ಮೊದಲು ಅದನ್ನು ಆರಿಸಿ.

ಆಮೇಲೆ ಗಾಡಿಯ ಕೆಳಗೆ ಬಗ್ಗಿ ನೋಡಿ. ನೆಲದ ಮೇಲೆ ಒದ್ದೆ ಇದೆಯಾ? ಎ.ಸಿ. ಹಾಕಿದ್ದರೆ ಗಾಡಿಯಿಂದ ನೀರು ತೊಟ್ಟಿಕ್ಕುತ್ತದೆ. ಅದಕ್ಕೆ ವಾಸನೆ ಇಲ್ಲ. ಅದಕ್ಕೆ ಹೆದರಬೇಡಿ. ಪೆಟ್ರೋಲ್ ಹನಿ ಬೀಳುತ್ತಿದ್ದರೆ ಮತ್ತೆ ಗಾಡಿ ಸ್ಟಾರ್ಟ್ ಮಾಡಲೇಬೇಡಿ. ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ. ಜನರನ್ನು ಬೇರೆ ಗಾಡಿಯಲ್ಲಿ ಕಳಿಸಿ. ಒಂದು ದಿನದ ಬಾಡಿಗೆ ಹೋದರೂ ಪರವಾಗಿಲ್ಲ. ಜೀವ ಹೋದರೆ ಬರುವುದಿಲ್ಲ.

ಬಂಕಿನಲ್ಲೇ ಆಗುವ ತಪ್ಪು

ಎಷ್ಟೋ ಸಲ ಗಾಡಿ ಕೆಟ್ಟಿರುವುದೇ ಇಲ್ಲ. ತಪ್ಪು ಬಂಕಿನಲ್ಲಿ ಆಗಿರುತ್ತದೆ. ಮೊದಲು ಇವನ್ನು ನೋಡಿ.

ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂತಿದೆಯಾ? ಎಷ್ಟೋ ಗಾಡಿಗಳಲ್ಲಿ ತಿರುಗಿಸುವ ಮುಚ್ಚಳ ಇರುತ್ತದೆ. ಅದನ್ನು 'ಟಿಕ್ ಟಿಕ್' ಶಬ್ದ ಬರುವವರೆಗೆ ತಿರುಗಿಸಬೇಕು. ಅವಸರದಲ್ಲಿ ಸುಮ್ಮನೆ ಇಟ್ಟು ಬಂದರೆ ವಾಸನೆ ಬರುತ್ತದೆ.

ಗಾಡಿಯ ಮೈ ಮೇಲೆ ಪೆಟ್ರೋಲ್ ಚೆಲ್ಲಿದೆಯಾ? ನೀರು ಹಾಕಿ ತೊಳೆಯಿರಿ. ಬಟ್ಟೆಯಲ್ಲಿ ಒರೆಸಿದರೆ ಆ ಬಟ್ಟೆಯನ್ನು ಡಿಕ್ಕಿಯಲ್ಲಿ ಇಡಬೇಡಿ. ಹೊರಗೆ ಗಾಳಿಗೆ ಒಣಗಿಸಿ.

ನಿಮ್ಮ ಚಪ್ಪಲಿ ನೋಡಿ. ಬಂಕಿನ ನೆಲದಲ್ಲಿ ಚೆಲ್ಲಿದ ಪೆಟ್ರೋಲ್ ತುಳಿದು ಬಂದರೆ ಗಾಡಿಯ ಮ್ಯಾಟಿಗೆ ಹತ್ತುತ್ತದೆ. ಮ್ಯಾಟನ್ನು ಹೊರಗೆ ತೆಗೆದು ತೊಳೆಯಿರಿ.

ಡಿಕ್ಕಿಯಲ್ಲಿ ಪೆಟ್ರೋಲ್ ಕ್ಯಾನು, ಬಾಟಲಿ ಇದೆಯಾ? ಇದ್ದರೆ ತೆಗೆಯಿರಿ. ಕಾರಿನಲ್ಲಿ ಬಾಟಲಿ ಪೆಟ್ರೋಲ್ ಒಯ್ಯುವುದು ಬೇಡ.

ಇನ್ನೊಂದು ದೊಡ್ಡ ತಪ್ಪು, ಟ್ಯಾಂಕನ್ನು ಬಾಯಿಮಟ್ಟ ತುಂಬಿಸುವುದು. ಟ್ಯಾಂಕ್ ತುಂಬಿದಾಗ ಬಂಕಿನ ಪೈಪು ತಾನೇ 'ಟಕ್' ಅಂತ ನಿಲ್ಲುತ್ತದೆ. ಆಗ ಬಂಕಿನ ಹುಡುಗ, "ಅಣ್ಣಾ, ರೌಂಡ್ ಮಾಡ್ಲಾ?" ಅಂತ ಕೇಳುತ್ತಾನೆ. ನಾವು ಹೂಂ ಅನ್ನುತ್ತೇವೆ. ಅವನು ಮತ್ತೆ ಮತ್ತೆ ಒತ್ತಿ ತುಂಬಿಸುತ್ತಾನೆ.

ಇದರಲ್ಲಿ ಏನು ತಪ್ಪು? ಪೆಟ್ರೋಲ್ ಬಿಸಿಯಾದರೆ ಹಿಗ್ಗುತ್ತದೆ. ಬಂಕಿನ ಟ್ಯಾಂಕ್ ನೆಲದ ಒಳಗೆ ಇರುತ್ತದೆ. ಅಲ್ಲಿಂದ ಬರುವ ಪೆಟ್ರೋಲ್ ತಂಪು. ಗಾಡಿ ಬಿಸಿಲಿನಲ್ಲಿ ನಿಂತರೆ ಅದು ಬಿಸಿಯಾಗುತ್ತದೆ. 40 ಲೀಟರ್ ಪೆಟ್ರೋಲ್ 15 ಡಿಗ್ರಿ ಬಿಸಿಯಾದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ಜಾಗ ಬೇಡವೆ? ಜಾಗ ಇಲ್ಲದಿದ್ದರೆ ಸಂದಿಯಿಂದ ಹೊರಗೆ ಬರುತ್ತದೆ. ಆದ್ದರಿಂದ ಪೈಪು ತಾನೇ ನಿಂತಾಗ ನೀವೂ ಸಾಕು ಅನ್ನಿ.

ಇದ್ದಿಲ ಡಬ್ಬಿಯ ಕೆಲಸ

ಈಗಿನ ಪೆಟ್ರೋಲ್ ಕಾರುಗಳಲ್ಲಿ ಒಂದು ಇದ್ದಿಲ ಡಬ್ಬಿ ಇದೆ. ಮೆಕ್ಯಾನಿಕ್‌ಗಳು ಇದನ್ನು ಕ್ಯಾನಿಸ್ಟರ್ ಅನ್ನುತ್ತಾರೆ. ಟ್ಯಾಂಕಿನಲ್ಲಿ ಏಳುವ ಆವಿ ಹೊರಗೆ ಹೋಗದೆ ಈ ಡಬ್ಬಿಗೆ ಬರುತ್ತದೆ. ಒಳಗಿನ ಇದ್ದಿಲು ಆವಿಯನ್ನು ಹೀರಿ ಹಿಡಿದುಕೊಳ್ಳುತ್ತದೆ. ಇಂಜಿನ್ ಓಡುವಾಗ ಆ ಆವಿಯನ್ನು ಎಳೆದುಕೊಂಡು ಉರಿಸುತ್ತದೆ. ಹೀಗೆ ವಾಸನೆಯೂ ಇಲ್ಲ, ಪೆಟ್ರೋಲೂ ಹಾಳಾಗಲಿಲ್ಲ.

ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿದರೆ ಈ ಡಬ್ಬಿಗೆ ಆವಿಯ ಬದಲು ಪೆಟ್ರೋಲೇ ನುಗ್ಗಬಹುದು. ಇದ್ದಿಲು ತೊಯ್ದು ಹೋಗುತ್ತದೆ. ಆಮೇಲೆ ಅದು ಆವಿಯನ್ನು ಹೀರುವುದಿಲ್ಲ. ಪೆಟ್ರೋಲ್ ಹಾಕಿಸಿದಾಗಲೆಲ್ಲ ವಾಸನೆ. ಡಬ್ಬಿಯನ್ನೇ ಬದಲಿಸಬೇಕಾಗುತ್ತದೆ. ನಾಲ್ಕು ರೂಪಾಯಿ ರೌಂಡ್ ಮಾಡಲು ಹೋಗಿ ದೊಡ್ಡ ಖರ್ಚು ತಂದುಕೊಂಡ ಹಾಗೆ.

ಡಬ್ಬಿಯಿಂದ ಇಂಜಿನ್‌ಗೆ ಹೋಗುವ ದಾರಿಯಲ್ಲಿ ಒಂದು ವಾಲ್ವ್ ಇದೆ. ಅದು ತೆರೆದೇ ಉಳಿದರೆ ಒಂದು ಗುರುತು ಕಾಣುತ್ತದೆ. ಪೆಟ್ರೋಲ್ ಹಾಕಿಸಿದ ಕೂಡಲೇ ಗಾಡಿ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲ. ಬೇರೆ ಹೊತ್ತಿನಲ್ಲಿ ಸರಿಯಾಗಿ ಆಗುತ್ತದೆ. ಹೀಗೆ ಇದ್ದರೆ ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ.

ವಾಸನೆ ಯಾವಾಗ ಬರುತ್ತದೆ? ಎಲ್ಲಿ ಬರುತ್ತದೆ?

ಜ್ವರ ಬಂದಾಗ ಡಾಕ್ಟರ್ ಏನು ಕೇಳುತ್ತಾರೆ? "ಎಷ್ಟು ದಿನದಿಂದ? ಯಾವ ಹೊತ್ತಿಗೆ ಬರುತ್ತೆ?" ಗಾಡಿಗೂ ಹಾಗೆಯೇ. ವಾಸನೆ ಬರುವ ಹೊತ್ತನ್ನು ಗಮನಿಸಿದರೆ ಅರ್ಧ ಕೆಲಸ ಮುಗಿಯಿತು.

ಹಾಕಿಸಿದ ಕೂಡಲೇ ಬಂದು, ಸ್ವಲ್ಪ ಹೊತ್ತಿನಲ್ಲಿ ಪೂರಾ ಹೋದರೆ: ಹೊರಗೆ ಚೆಲ್ಲಿದ ಪೆಟ್ರೋಲ್ ಇರಬಹುದು. ಮುಂದಿನ ಸಲ ನೀವೇ ಇಳಿದು ನಿಂತು ನೋಡಿ. ಚೆಲ್ಲದಿದ್ದರೂ ವಾಸನೆ ಬಂದರೆ ಮೆಕ್ಯಾನಿಕ್ ಹತ್ತಿರ ಹೋಗಿ.

ಟ್ಯಾಂಕ್ ತುಂಬಿದಾಗ ಬಂದು, ಸ್ವಲ್ಪ ಖಾಲಿಯಾದ ಮೇಲೆ ನಿಂತರೆ: ತೂತು ಟ್ಯಾಂಕಿನ ಮೇಲ್ಭಾಗದಲ್ಲಿದೆ. ಬಿಂದಿಗೆಯ ಕುತ್ತಿಗೆ ಸೀಳಿದ್ದರೆ ತುಂಬಿದಾಗ ಮಾತ್ರ ಸೋರುತ್ತದೆ ಅಲ್ಲವೆ? ಇದೂ ಹಾಗೆಯೇ.

ಹಿಂದಿನ ಸೀಟಿನಲ್ಲಿ ವಾಸನೆ ಹೆಚ್ಚಾಗಿದ್ದರೆ: ಬಹಳ ಕಾರುಗಳಲ್ಲಿ ಟ್ಯಾಂಕ್ ಇರುವುದು ಹಿಂದಿನ ಸೀಟಿನ ಕೆಳಗಡೆ. ಪೆಟ್ರೋಲ್ ಪಂಪು ಟ್ಯಾಂಕಿನ ಒಳಗೇ ಇರುತ್ತದೆ. ಪಂಪಿನ ಮೇಲಿನ ರಬ್ಬರ್ ವಾಷರ್ ಹಾಳಾಗಿರಬಹುದು.

ಮುಂದುಗಡೆ, ಬಾನೆಟ್ ಹತ್ತಿರ ವಾಸನೆ ಇದ್ದರೆ: ಇಂಜಿನ್‌ಗೆ ಹೋಗುವ ಪೈಪು ಸೋರುತ್ತಿರಬಹುದು. ಇದು ಹೆಚ್ಚು ಅಪಾಯ. ಏಕೆಂದರೆ ಅಲ್ಲಿ ಇಂಜಿನ್ನಿನ ಬಿಸಿ ಇದೆ. ಕರೆಂಟಿನ ಕಿಡಿಯೂ ಇದೆ. ಆ ಗಾಡಿಯನ್ನು ಓಡಿಸಲೇಬೇಡಿ.

ಟ್ಯಾಂಕ್ ತುಂಬಿರಲಿ, ಖಾಲಿ ಇರಲಿ, ಯಾವಾಗಲೂ ವಾಸನೆ ಇದ್ದರೆ: ಟ್ಯಾಂಕಿನ ತಳ ತುಕ್ಕು ಹಿಡಿದಿರಬಹುದು. ಕೆಳಗಿನ ಪೈಪು ಒಡೆದಿರಬಹುದು. ನಿಂತ ಗಾಡಿಯಲ್ಲಿ ಇಲಿ ಪೈಪು ಕಡಿಯುವುದೂ ಉಂಟು.

ಮೂರು ಸಣ್ಣ ಸಾಮಾನು

ವಾಸನೆ ಬರುವ ಗಾಡಿಗಳಲ್ಲಿ ಬಹಳ ಸಲ ಸಿಗುವುದು ಸಣ್ಣ ತೊಂದರೆ. ನೋಡಬೇಕಾದ ಮೂರು ಸಾಮಾನು ಇವು.

ಒಂದು, ಮುಚ್ಚಳದ ವಾಷರ್. ಮುಚ್ಚಳ ತೆಗೆದು ಒಳಗೆ ನೋಡಿ. ರಬ್ಬರ್ ಬಳೆ ಮೆತ್ತಗೆ ಇರಬೇಕು. ಸೀಳಿದ್ದರೆ, ಗಟ್ಟಿಯಾಗಿದ್ದರೆ ಮುಚ್ಚಳ ಬದಲಿಸಿ. ಆ ಗಾಡಿಗೆ ಸರಿಹೊಂದುವ ಮುಚ್ಚಳವನ್ನೇ ಹಾಕಿ. ಬಟ್ಟೆ ತುರುಕಿ ಮುಚ್ಚಬೇಡಿ.

ಎರಡು, ಕುತ್ತಿಗೆಯ ರಬ್ಬರ್ ಪೈಪು. ನಾವು ಪೆಟ್ರೋಲ್ ಹಾಕುವ ಬಾಯಿಗೂ ಟ್ಯಾಂಕಿಗೂ ನಡುವೆ ಒಂದು ದಪ್ಪ ಪೈಪು ಇದೆ. ಪಕ್ಕದಲ್ಲಿ ಗಾಳಿ ಹೋಗುವ ಸಣ್ಣ ಪೈಪು ಇದೆ. ರಬ್ಬರ್ ಹಳೆಯದಾದರೆ ಬಿರುಕು ಬಿಡುತ್ತದೆ. ಅದನ್ನು ಬಿಗಿದ ಕ್ಲಿಪ್ಪು ತುಕ್ಕು ಹಿಡಿದು ಸಡಿಲ ಆಗುತ್ತದೆ.

ಮೂರು, ಪಂಪಿನ ವಾಷರ್. ಇದನ್ನು ಮೆಕ್ಯಾನಿಕ್ಕೇ ಬಿಚ್ಚಿ ನೋಡಬೇಕು. ನೀವು ಕೈ ಹಾಕಬೇಡಿ. ಏಕೆ? ಚಕ್ರಕ್ಕೆ ನಾವು ಸುಮಾರು 30 ಪೌಂಡ್ ಗಾಳಿ ಹಿಡಿಸುತ್ತೇವೆ. ಇಂಜೆಕ್ಷನ್ ಗಾಡಿಯ ಪೆಟ್ರೋಲ್ ಪೈಪಿನಲ್ಲಿ 40 ಪೌಂಡಿಗಿಂತ ಹೆಚ್ಚು ಒತ್ತಡ ಇರುತ್ತದೆ. ಒತ್ತಡ ಇಳಿಸದೆ ಬಿಚ್ಚಿದರೆ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ.

ಹಳೆ ಗಾಡಿ, ಹೊಸ ಪೆಟ್ರೋಲ್

ಮಾರುತಿ 800 ಕಾರು ತಯಾರಾಗುವುದು 2014ರಲ್ಲಿ ನಿಂತಿತು. ಓಮ್ನಿ 2019ರಲ್ಲಿ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಇವು ಇನ್ನೂ ಓಡುತ್ತಿವೆ. ಗಾಡಿ ಗಟ್ಟಿ ಇರಬಹುದು. ಅದರ ರಬ್ಬರಿಗೆ ವಯಸ್ಸಾಗಿದೆ.

ಪೆಟ್ರೋಲ್ ಕೂಡ ಬದಲಾಗಿದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ20 ಎಂಬ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಇದರ 100 ಲೀಟರಿನಲ್ಲಿ 20 ಲೀಟರ್ ಎಥನಾಲ್ ಇರುತ್ತದೆ. ಎಥನಾಲನ್ನು ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಮಾಡುತ್ತಾರೆ. ಮಂಡ್ಯ, ಬೆಳಗಾವಿ ಕಡೆಯ ಕಬ್ಬು ಬೆಳೆಗಾರರಿಗೆ ಇದು ಗೊತ್ತಿರುವ ವಿಷಯ.

ಇ20ಕ್ಕೆಂದು ಮಾಡಿದ ಹೊಸ ಗಾಡಿಗಳಲ್ಲಿ ಅದಕ್ಕೆ ತಕ್ಕ ರಬ್ಬರ್ ಇದೆ. ಕೆಲವು ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರ್ ಎಥನಾಲಿಗೆ ಬೇಗ ಹಾಳಾಗಬಹುದು. ಇದಕ್ಕೆ ಗಾಡಿ ಮಾರಬೇಕಿಲ್ಲ. ಸರ್ವೀಸ್ ಮಾಡಿಸುವಾಗ, "ಪೆಟ್ರೋಲ್ ಪೈಪುಗಳನ್ನೂ ನೋಡಿ" ಅಂತ ಹೇಳಿ. ಹೊಸ ಪೈಪು ಹಾಕಿಸುವಾಗ ಪೆಟ್ರೋಲಿಗೆಂದೇ ಮಾಡಿದ ಪೈಪು ಕೇಳಿ. ನೀರಿನ ಪೈಪು ಹಾಕಿದರೆ ಕೆಲವೇ ದಿನಗಳಲ್ಲಿ ಉಬ್ಬಿ ಒಡೆಯುತ್ತದೆ.

ಗ್ಯಾಸಿನಿಂದ ಓಡುವ ಗಾಡಿಯ ಮಾತು ಬೇರೆ. ಅಡುಗೆ ಗ್ಯಾಸಿನ ಹಾಗೆ ಕೊಳೆತ ವಾಸನೆ ಬಂದರೆ ಅದು ಗ್ಯಾಸ್ ಸೋರಿಕೆ. ಗ್ಯಾಸ್ ಕಿಟ್ ಕೆಲಸ ಬಲ್ಲವರಿಗೇ ತೋರಿಸಿ.

ಒಂದು ಚೀಟಿ ಬರೆಯಿರಿ

ನೀವು ಈಗ ಓದು ಬರಹ ಕಲಿತಿದ್ದೀರಿ. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ. "ಗಾಡಿ ವಾಸನೆ ಬರ್ತದೆ, ನೋಡಿ" ಅಂತ ಮಾತ್ರ ಹೇಳಿದರೆ ಮೆಕ್ಯಾನಿಕ್‌ಗೆ ಏನು ಗೊತ್ತಾಗುತ್ತದೆ? ಗ್ಯಾರೇಜಿಗೆ ಹೋದ ದಿನ ವಾಸನೆ ಬರದೆ ಇರಬಹುದು. ಅವರು ಇದನ್ನು ಬಿಚ್ಚಿ, ಅದನ್ನು ಬಿಚ್ಚಿ, ಬೇಡದ ಸಾಮಾನು ಬದಲಿಸಬಹುದು. ದುಡ್ಡು ನಿಮ್ಮದೇ ಹೋಗುವುದು. ಆದ್ದರಿಂದ ಹೀಗೆ ಬರೆದುಕೊಳ್ಳಿ:

ಪೆಟ್ರೋಲ್ ಹಾಕಿಸಿದ್ದು: ಸೋಮವಾರ, ಫುಲ್ ಟ್ಯಾಂಕ್.
ವಾಸನೆ ಬಂದದ್ದು: ಸೋಮವಾರ, ಮಂಗಳವಾರ.
ವಾಸನೆ ನಿಂತದ್ದು: ಬುಧವಾರ. ಆಗ ಮುಳ್ಳು ಮುಕ್ಕಾಲಿಗೆ ಬಂದಿತ್ತು.
ಎಲ್ಲಿ ಹೆಚ್ಚು: ಹಿಂದಿನ ಸೀಟು.
ನೆಲದ ಮೇಲೆ ಹನಿ: ಇಲ್ಲ.
ಮುಚ್ಚಳ: ಸರಿ ಇದೆ.

ಈ ಚೀಟಿ ಕೊಟ್ಟರೆ ಗ್ಯಾರೇಜಿನಲ್ಲಿ ಮಾತು ಹೀಗೆ ನಡೆಯುತ್ತದೆ.

"ಏನಣ್ಣಾ, ಇಷ್ಟು ಚೆನ್ನಾಗಿ ಬರ್ಕೊಂಡು ಬಂದಿದ್ದೀರಿ! ಮುಂದ್ಗಡೆ ವಾಸನೆ ಇಲ್ಲ ತಾನೆ?"

"ಇಲ್ಲ ಮೇಸ್ತ್ರಿ. ಹಿಂದ್ಗಡೆನೇ."

"ಹಾಗಾದ್ರೆ ಇಂಜಿನ್ ಕಡೆ ಆಮೇಲೆ ನೋಡೋಣ. ಮೊದ್ಲು ಪಂಪಿನ ವಾಷರ್, ಕುತ್ತಿಗೆ ಪೈಪು ನೋಡ್ತೀನಿ."

"ಹಳೇ ಸಾಮಾನು ನನಗೆ ತೋರ್ಸಿ ಮೇಸ್ತ್ರಿ."

"ಆಗ್ಲಿ ಅಣ್ಣಾ. ನೀವೇ ನೋಡಿ, ಬೇಕಾದ್ರೆ ತಗೊಂಡು ಹೋಗಿ."

ಕೆಲಸ ಮುಗಿದ ಮೇಲೆ ಪರೀಕ್ಷೆ ಆಗಬೇಕು. ಹಗಲು ಹೊತ್ತಿನಲ್ಲಿ ಟ್ಯಾಂಕ್ ತುಂಬಿಸಿ. ಪೈಪು ನಿಂತಲ್ಲಿಗೆ ನಿಲ್ಲಿಸಿ. ಒಂದು ಸುತ್ತು ಓಡಿಸಿ. ಬಯಲಿನಲ್ಲಿ ನಿಲ್ಲಿಸಿ, ಕೆಳಗೆ ರಟ್ಟು ಹಾಸಿ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ರಟ್ಟು ಒದ್ದೆ ಇಲ್ಲ, ವಾಸನೆ ಇಲ್ಲ ಅಂದರೆ ಕೆಲಸ ಸರಿಯಾಗಿದೆ.

ಒಂದು ಲೆಕ್ಕ ಮಾಡೋಣ

"ಒಂದೊಂದು ಹನಿ ಬಿದ್ದರೆ ಏನು ಮಹಾ?" ಎನ್ನುವವರು ಇದ್ದಾರೆ. ಸೆಕೆಂಡಿಗೆ 1 ಹನಿ ಬೀಳುತ್ತದೆ ಎನ್ನೋಣ.

1 ನಿಮಿಷಕ್ಕೆ 60 ಹನಿ.
1 ಗಂಟೆಗೆ 3,600 ಹನಿ.
1 ದಿನಕ್ಕೆ 86,400 ಹನಿ.

50 ಹನಿ ಸೇರಿದರೆ 1 ಮಿಲಿಲೀಟರ್ ಎಂದು ಹಿಡಿಯೋಣ. ಆಗ ದಿನಕ್ಕೆ 1,728 ಮಿಲಿಲೀಟರ್. ಅಂದರೆ ಹತ್ತಿರ ಹತ್ತಿರ ಒಂದೂಮುಕ್ಕಾಲು ಲೀಟರ್. ಲೀಟರಿಗೆ 100 ರೂಪಾಯಿ ಎಂದರೆ ದಿನಕ್ಕೆ 170 ರೂಪಾಯಿ ಮಣ್ಣುಪಾಲು. ಬೆಂಕಿಯ ಭಯ ಬೇರೆ.

ಇವನ್ನು ಮಾಡಲೇಬೇಡಿ

ಸೋರುವ ಜಾಗ ಹುಡುಕಲು ಬೆಂಕಿಕಡ್ಡಿ ಗೀರಬೇಡಿ. ಹಗಲಿನಲ್ಲಿ ನೋಡಿ. ಟಾರ್ಚ್ ಬೇಕಾದರೆ ದೂರದಲ್ಲೇ ಹತ್ತಿಸಿಕೊಂಡು ಬನ್ನಿ.

ಟ್ಯಾಂಕಿನ ತೂತಿಗೆ ಸೋಪು ತಿಕ್ಕಿ ವರ್ಷಗಟ್ಟಲೆ ಓಡಿಸಬೇಡಿ. ಸೋಪು ಸ್ವಲ್ಪ ಹೊತ್ತು ಮಾತ್ರ ತಡೆಯುತ್ತದೆ.

ಪೆಟ್ರೋಲ್ ಟ್ಯಾಂಕಿಗೆ ರಸ್ತೆ ಬದಿಯಲ್ಲಿ ವೆಲ್ಡಿಂಗ್ ಮಾಡಿಸಬೇಡಿ. "ಟ್ಯಾಂಕ್ ಖಾಲಿ ಇದೆ, ಏನೂ ಆಗಲ್ಲ" ಎನ್ನುತ್ತಾರೆ. ಖಾಲಿ ಟ್ಯಾಂಕ್ ಇನ್ನೂ ಅಪಾಯ. ಒಳಗೆ ಆವಿಯೂ ಗಾಳಿಯೂ ಬೆರೆತು ತುಂಬಿರುತ್ತದೆ. ಕಿಡಿ ತಾಗಿದರೆ ಟ್ಯಾಂಕ್ ಸಿಡಿಯುತ್ತದೆ.

ಬಾಯಿಯಿಂದ ಪೈಪು ಎಳೆದು ಪೆಟ್ರೋಲ್ ತೆಗೆಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಅಪಾಯ. ಯಾರಾದರೂ ಪೆಟ್ರೋಲ್ ನುಂಗಿದರೆ ವಾಂತಿ ಮಾಡಿಸಬೇಡಿ. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ವಾಸನೆ ಮುಚ್ಚಲು ಸೆಂಟು ಹೊಡೆಯಬೇಡಿ. ಸೆಂಟು ಹೊಡೆದರೆ ವಾಸನೆ ಅಡಗುತ್ತದೆ. ಸೋರಿಕೆ ನಿಲ್ಲುವುದಿಲ್ಲ.

ಬೆಂಕಿ ಹತ್ತಿದರೆ

ಎಲ್ಲರೂ ಇಳಿದು ದೂರ ಓಡಿ. ಸಾಮಾನು ತೆಗೆಯಲು ಹಿಂದಕ್ಕೆ ಹೋಗಬೇಡಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲುತ್ತದೆ. ನೀರು ಹರಿದಲ್ಲಿಗೆಲ್ಲ ಬೆಂಕಿಯೂ ಹರಿಯುತ್ತದೆ. ಬೆಂಕಿ ಸಣ್ಣದಾಗಿದ್ದರೆ ಮರಳು ಎರಚಿ, ಇಲ್ಲವೆ ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಬಳಸಿ. 112ಕ್ಕೆ ಅಥವಾ 101ಕ್ಕೆ ಫೋನ್ ಮಾಡಿ. ಎಲ್ಲಿ ಇದ್ದೀರಿ ಎಂದು ಸ್ಪಷ್ಟವಾಗಿ ಹೇಳಿ. ರಸ್ತೆ ಬದಿಯ ಮೈಲಿಗಲ್ಲು, ಊರಿನ ಬೋರ್ಡು ಓದಿ ಹೇಳಿ.

ನೆನಪಿಡಿ

ಪೆಟ್ರೋಲ್ ವಾಸನೆ ಬರುವುದು ಸಹಜ ಅಲ್ಲ.
ಬಂಕಿನ ಪೈಪು ತಾನೇ ನಿಂತಾಗ ಸಾಕು ಅನ್ನಿ.
ಮುಚ್ಚಳ ಭದ್ರ ಮಾಡಿ ಹೊರಡಿ.
ಹನಿ ಬೀಳುವ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ.
ಯಾವಾಗ, ಎಲ್ಲಿ ವಾಸನೆ ಬಂತು ಎಂದು ಬರೆದಿಡಿ.
ಗಾಡಿಯಲ್ಲಿ ಕೂತ ನೀವೂ ಹೇಳಬಹುದು: "ಅಣ್ಣಾ, ವಾಸನೆ ಬರ್ತಾ ಇದೆ. ಗಾಡಿ ನಿಲ್ಲಿಸು."

ಉತ್ತರ ಹೇಳಿ

1. ಪೆಟ್ರೋಲ್ ಆವಿ ಮೇಲಕ್ಕೆ ಹೋಗುತ್ತದೆಯೋ, ಕೆಳಗೆ ನಿಲ್ಲುತ್ತದೆಯೋ?
2. ಇದ್ದಿಲ ಡಬ್ಬಿಯ ಕೆಲಸ ಏನು?
3. ಟ್ಯಾಂಕ್ ತುಂಬಿದಾಗ ಮಾತ್ರ ವಾಸನೆ ಬಂದರೆ ತೂತು ಎಲ್ಲಿ ಇರಬಹುದು?
4. ಎರಡು ಸೆಕೆಂಡಿಗೆ 1 ಹನಿ ಬಿದ್ದರೆ ದಿನಕ್ಕೆ ಎಷ್ಟು ಹನಿ? ಲೆಕ್ಕ ಮಾಡಿ.
5. ನಿಮ್ಮ ಊರಿನ ಯಾವುದಾದರೂ ಒಂದು ಗಾಡಿಯ ಹೆಸರಿನಲ್ಲಿ ಮೆಕ್ಯಾನಿಕ್‌ಗೆ ಒಂದು ಚೀಟಿ ಬರೆಯಿರಿ.